ವಿದೇಶಿ ಕ್ಯಾಮೆರಾಕ್ಕೆ ಊರಿನ ಹೆಗಲು

1935ರಲ್ಲಿ ಮೈಸೂರಿಗೆ ಬಂದಿಳಿದ ಅಮೆರಿಕದ ಚಿತ್ರ ನಿರ್ದೇಶಕ ರಾಬರ್ಟ್ ಫ್ಲಹರ್ಟಿಗೆ ಬೇಕಾಗಿದ್ದುದು ಆನೆಗಳು, ದಟ್ಟವಾದ ಕಾಡು ಮತ್ತು ಆನೆಯ ಕುತ್ತಿಗೆಯ ಮೇಲೆ ಅಂಜದೆ ಕೂರುವ ಒಬ್ಬ ಹುಡುಗ. ಲಂಡನ್ನಿನ ನಿರ್ಮಾಪಕ ಅಲೆಗ್ಸಾಂಡರ್ ಕೋರ್ಡಾ ಅವನನ್ನು ಇಲ್ಲಿಗೆ ಕಳುಹಿಸಿದ್ದು ಕಿಪ್ಲಿಂಗನ ಕಥೆಯೊಂದನ್ನು ತೆರೆಗೆ ತರುವುದಕ್ಕೆ. ಮೈಸೂರಿನ ಭಾಷೆ ಗೊತ್ತಿಲ್ಲ, ಮಾವುತರ ಪರಿಚಯವಿಲ್ಲ, ಮಳೆ ಯಾವಾಗ ಹಿಡಿದುಕೊಳ್ಳುತ್ತದೆ ಎಂಬ ಅಂದಾಜೂ ಇಲ್ಲ. ಆದರೂ ಕೆಲಸ ನಡೆಯಿತು. ಏಕೆಂದರೆ ಅವನ ಬೆನ್ನಿಗೆ ಅರಮನೆ ಇತ್ತು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ ಅದು. ಫ್ಲಹರ್ಟಿಯ ತಂಡ ಬೀಡುಬಿಡಲು ಚಿತ್ತರಂಜನ ಮಹಲನ್ನೇ ಬಿಟ್ಟುಕೊಡಲಾಯಿತು. ಅರಮನೆಯ ಆನೆಗಳು, ಮಾವುತರು, ಕಾಡಿನ ದಾರಿ ಬಲ್ಲವರು, ಖೆಡ್ಡಾ ನಡೆಸುವ ಅನುಭವಿಗಳು ಎಲ್ಲರೂ ಒದಗಿದರು. ಹುಡುಗನಿಗಾಗಿ ಹುಡುಕಾಟ ನಡೆದಾಗ ಕ್ಯಾಮೆರಾಮನ್ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಬಿದ್ದವನು ಅರಮನೆಯ ಆನೆ ಲಾಯದಲ್ಲೇ ಬೆಳೆಯುತ್ತಿದ್ದ ತಬ್ಬಲಿ, ಕಾರಾಪುರದ ಮಾವುತನ ಮಗ ಸಾಬು. ಐರಾವತ ಎಂಬ ಅರಮನೆಯ ಆನೆ ಕಥೆಯ ಕಾಲಾ ನಾಗ್ ಆಯಿತು. ವರ್ಷಕ್ಕೂ ಮೀರಿ ನಡೆದ ಈ ಚಿತ್ರೀಕರಣದಿಂದ ಹೊರಬಂದದ್ದೇ 1937ರ ‘ಎಲಿಫೆಂಟ್ ಬಾಯ್’. ವೆನಿಸ್ ಉತ್ಸವದಲ್ಲಿ ಅದಕ್ಕೆ ನಿರ್ದೇಶನದ ಪ್ರಶಸ್ತಿ ಬಂತು. ಫ್ಲಹರ್ಟಿಯೊಂದಿಗೆ ಅದನ್ನು ಹಂಚಿಕೊಂಡವನು ಕೋರ್ಡಾನ ತಮ್ಮ ಝೊಲ್ಟಾನ್. ಕಥೆಯ ಉಳಿದ ಭಾಗಗಳನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೊದಲ್ಲಿ ತೆಗೆದವನು ಅವನೇ.

ಇಂದಿನ ಸಿನಿಮಾ ಭಾಷೆಯಲ್ಲಿ ಹೇಳುವುದಾದರೆ ಅಂದು ಮೈಸೂರು ಅರಮನೆಯೇ ಆ ಚಿತ್ರದ ‘ಲೈನ್ ಪ್ರೊಡ್ಯೂಸರ್’. ಪರದೇಶದಿಂದ ಬಂದ ತಂಡಕ್ಕೆ ಜಾಗ ತೋರಿಸುವುದು, ಜನ ಒದಗಿಸುವುದು, ಅನುಮತಿ ಕೊಡಿಸುವುದು, ಊಟ ವಸತಿ ವಾಹನ ನೋಡಿಕೊಳ್ಳುವುದು, ಜಗಳ ಬಂದರೆ ನಡುವೆ ನಿಲ್ಲುವುದು ಇವೆಲ್ಲ ಆ ಹೆಸರಿನೊಳಗೆ ಬರುತ್ತವೆ. ಕನ್ನಡ ಚಿತ್ರರಂಗದ ‘ಪ್ರೊಡಕ್ಷನ್ ಮ್ಯಾನೇಜರ್’ ಮಾಡುವ ಕೆಲಸಕ್ಕೆ ಇದು ಹತ್ತಿರ. ಆದರೆ ಒಂದು ವ್ಯತ್ಯಾಸವುಂಟು. ಪ್ರೊಡಕ್ಷನ್ ಮ್ಯಾನೇಜರ್ ತನ್ನ ಯಜಮಾನನ ಭಾಷೆಯನ್ನೇ ಆಡುವವನು. ವಿದೇಶಿ ತಂಡದ ಸ್ಥಳೀಯ ಸಂಯೋಜಕನದು ಎರಡು ದಡಗಳ ನಡುವಿನ ಬದುಕು. ತಂಡ ವಿಮಾನ ಹತ್ತಿ ಹೋದ ಮೇಲೂ ಅವನು ಅದೇ ಊರಿನಲ್ಲಿ, ಅದೇ ಜನರ ಮುಖ ನೋಡಿಕೊಂಡು ಇರಬೇಕು. ಬಾಡಿಗೆ ಬಾಕಿ ಉಳಿದರೆ ಮನೆಯವರು ಬಾಗಿಲು ತಟ್ಟುವುದು ಅವನದೇ.

ಈ ಕೆಲಸಕ್ಕೆ ಇರುವ ಚರಿತ್ರೆ ಚಿತ್ರಗಳ ಚರಿತ್ರೆಯಷ್ಟು ಬರೆಯಿಸಿಕೊಂಡಿಲ್ಲ. ನಟರ, ನಿರ್ದೇಶಕರ ಜೀವನಚರಿತ್ರೆಗಳಲ್ಲಿ ಅದು ಅಲ್ಲೊಂದು ಇಲ್ಲೊಂದು ಸಾಲಾಗಿ ಬಂದು ಹೋಗುತ್ತದೆ, ಅಷ್ಟೆ. ಆ ಸಾಲುಗಳನ್ನು ಕೂಡಿಸಿ ನೋಡಿದರೆ ಮಾತ್ರ ಒಂದು ಸಂಗತಿ ಹೊಳೆಯುತ್ತದೆ: ಅರಮನೆ ಮಾಡುತ್ತಿದ್ದ ಕೆಲಸವನ್ನು ಮೊದಲು ಸಿನಿಮಾ ಹುಚ್ಚಿನ ಹುಡುಗರು, ಆಮೇಲೆ ಸರ್ಕಾರ, ಕೊನೆಗೆ ವೃತ್ತಿಪರ ಕಂಪೆನಿಗಳು ಕೈಗೆತ್ತಿಕೊಂಡವು.

ಹುಚ್ಚಿನ ಹುಡುಗರ ಕಾಲ ಬಂದದ್ದು ಕಲ್ಕತ್ತದಲ್ಲಿ. 1949ರಲ್ಲಿ ಫ್ರಾನ್ಸಿನ ಮಹಾನ್ ನಿರ್ದೇಶಕ ಝಾನ್ ರೆನ್ವಾ ‘ದಿ ರಿವರ್’ ಚಿತ್ರಕ್ಕಾಗಿ ಅಲ್ಲಿಗೆ ಬಂದ. ಹಣ ಹೂಡಿದ್ದವನು ಕೆನೆತ್ ಮೆಕೆಲ್ಡೌನಿ, ಲಾಸ್ ಏಂಜಲೀಸಿನ ಹೂವಿನ ವ್ಯಾಪಾರಿ. ಅದಕ್ಕೆ ಮುಂಚೆ ಅವನು ಸಿನಿಮಾ ತೆಗೆದವನಲ್ಲ. ಭಾರತದಲ್ಲಿ ಪೂರ್ತಿಯಾಗಿ ಟೆಕ್ನಿಕಲರ್‌ನಲ್ಲಿ ತಯಾರಾದ ಮೊದಲ ಚಿತ್ರ ಅದು. ತೆಗೆದ ರೀಲುಗಳನ್ನು ಸಂಸ್ಕರಣೆಗೆ ಲಂಡನ್ನಿಗೆ ಕಳುಹಿಸಬೇಕಿತ್ತು. ಹಿಂದಿನ ದಿನ ತೆಗೆದದ್ದು ಸರಿ ಬಂದಿದೆಯೋ ಇಲ್ಲವೋ ಎಂದು ವಾರಗಟ್ಟಲೆ ಕಾಯಬೇಕಿತ್ತು.

ಅರಮನೆಯಿಲ್ಲದ ಆ ಊರಿನಲ್ಲಿ ರೆನ್ವಾಗೆ ದೊರೆತದ್ದು ಎರಡು ವರ್ಷದ ಹಿಂದೆಯಷ್ಟೇ ಹುಟ್ಟಿದ್ದ ಕಲ್ಕತ್ತ ಫಿಲ್ಮ್ ಸೊಸೈಟಿಯ ಗೆಳೆಯರು. ಅವರಲ್ಲಿ ಒಬ್ಬ ಡಿ.ಜೆ. ಕೀಮರ್ ಎಂಬ ಜಾಹೀರಾತು ಕಂಪೆನಿಯಲ್ಲಿ ಚಿತ್ರ ಬರೆಯುತ್ತಿದ್ದ ತರುಣ. ಗ್ರೇಟ್ ಈಸ್ಟರ್ನ್ ಹೋಟೆಲಿಗೆ ಹೋಗಿ ತಾನೇ ಪರಿಚಯ ಮಾಡಿಕೊಂಡ. ರಜೆಯ ದಿನಗಳಲ್ಲಿ ಊರಾಚೆಯ ಹಳ್ಳಿ, ನದಿ, ಘಟ್ಟಗಳನ್ನು ತೋರಿಸುತ್ತ ತಿರುಗಿದ. ಸಂಬಳದ ಮಾತಿಲ್ಲ, ಹುದ್ದೆಯ ಹೆಸರಿಲ್ಲ. ಆ ತರುಣ ಸತ್ಯಜಿತ್ ರಾಯ್. ಕಂಪೆನಿಯ ಕೆಲಸದ ಮೇಲೆ 1950ರಲ್ಲಿ ಲಂಡನ್ನಿಗೆ ಹೋಗಬೇಕಾಗಿ ಬಂದುದರಿಂದ ಚಿತ್ರೀಕರಣವನ್ನು ಅವರು ಪೂರ್ತಿ ನೋಡಲಾಗಲಿಲ್ಲ. ಆದರೆ ಗೆಳೆಯರು ಉಳಿದರು. ಹರಿಸಾಧನ ದಾಸ್‌ಗುಪ್ತ ನಿರ್ದೇಶನ ವಿಭಾಗದಲ್ಲಿ, ರಾಮಾನಂದ ಸೇನ್‌ಗುಪ್ತ ಕ್ಯಾಮೆರಾದ ಹಿಂದೆ, ಬನ್ಸಿ ಚಂದ್ರಗುಪ್ತ ಕಲಾ ನಿರ್ದೇಶಕ ಯೂಜಿನ್ ಲೂರಿಯ ಕೈಕೆಳಗೆ ದುಡಿದರು. ಕೆಲಸವೇ ಸಿಗದ ಸುಬ್ರತ ಮಿತ್ರ ಎಂಬ ಹುಡುಗ ದಿನವೂ ಬಂದು ಬದಿಗೆ ನಿಂತು, ಯಾವ ದೀಪ ಎಲ್ಲಿ, ಬೆಳಕು ಹೇಗೆ ಬೀಳುತ್ತಿದೆ ಎಂದು ಪುಸ್ತಕದಲ್ಲಿ ನಕ್ಷೆ ಬರೆದುಕೊಳ್ಳುತ್ತಿದ್ದ.

1955ರಲ್ಲಿ ಬಂದ ‘ಪಥೇರ್ ಪಾಂಚಾಲಿ’ಯ ಹೆಸರುಪಟ್ಟಿ ನೋಡಿದರೆ ನಿರ್ದೇಶಕ ರಾಯ್, ಛಾಯಾಗ್ರಾಹಕ ಸುಬ್ರತ ಮಿತ್ರ, ಕಲೆ ಬನ್ಸಿ ಚಂದ್ರಗುಪ್ತ. ಬೇರೆಯವರ ಚಿತ್ರಕ್ಕೆ ದಾರಿ ತೋರಿಸಲು ಹೋದವರು ತಮ್ಮ ದಾರಿಯನ್ನೇ ಕಂಡುಕೊಂಡು ಬಂದಿದ್ದರು. ವಿದೇಶಿ ಚಿತ್ರೀಕರಣದಿಂದ ಊರಿಗೆ ಏನು ಬಂತು ಎಂದು ಲೆಕ್ಕ ಹಾಕುವವರು ಹೋಟೆಲ್ ಬಾಡಿಗೆ, ಕಾರಿನ ಬಾಡಿಗೆ ಕೂಡಿಸುತ್ತಾರೆ. ಕಲ್ಕತ್ತದ ಲೆಕ್ಕದಲ್ಲಿ ಈ ಮೂವರನ್ನೂ ಬರೆಯಬೇಕಾಗುತ್ತದೆ.

ಎಲ್ಲ ಕಡೆಯೂ ಹೀಗಾಗಲಿಲ್ಲ. ನೆರೆಯ ಸಿಲೋನಿನ ಕಿತುಲ್‌ಗಲದಲ್ಲಿ, ಕೆಲನಿ ನದಿಯ ಮೇಲೆ, ಇಂಗ್ಲೆಂಡಿನ ಡೇವಿಡ್ ಲೀನ್ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಚಿತ್ರಕ್ಕೆ 425 ಅಡಿ ಉದ್ದದ, 90 ಅಡಿ ಎತ್ತರದ ಮರದ ಸೇತುವೆ ಕಟ್ಟಿಸಿದ. ಕಥೆ ನಡೆಯುವುದು ಥಾಯ್ಲೆಂಡಿನಲ್ಲಿ, ಸೇತುವೆ ಎದ್ದದ್ದು ಸಿಲೋನಿನಲ್ಲಿ. ಮರ ಎಳೆದದ್ದು ಅಲ್ಲಿನ ಆನೆಗಳು, ಕಟ್ಟಿದ್ದು ಅಲ್ಲಿನ ಕೂಲಿಗಳು, ರೈಲು ಅಲ್ಲಿನ ಸರ್ಕಾರದ್ದು. 1957ರ ಮಾರ್ಚ್‌ನಲ್ಲಿ ಸೇತುವೆಯನ್ನು ಸಿಡಿಸುವ ದಿನ ಪ್ರಧಾನಿ ಬಂಡಾರನಾಯಕೆ ಅವರೇ ನೋಡಲು ಬಂದಿದ್ದರು. ಕ್ಯಾಮೆರಾಮನ್‌ಗಳು ಸುರಕ್ಷಿತ ಜಾಗಕ್ಕೆ ಸರಿದ ಮೇಲೆ ಸಂಜ್ಞೆ ಕೊಡಬೇಕೆಂಬ ಏರ್ಪಾಡು. ಮೊದಲ ಸಲ ಒಬ್ಬನಿಂದ ಸಂಜ್ಞೆ ಬರಲೇ ಇಲ್ಲ. ಸಿಡಿಮದ್ದನ್ನು ತಡೆಹಿಡಿದರು. ಚಾಲಕನಿಲ್ಲದ ರೈಲು ಸೇತುವೆ ದಾಟಿ ಆಚೆ ಹೋಗಿ ಹಳಿ ತಪ್ಪಿತು. ಅದನ್ನೆಲ್ಲ ಸರಿಪಡಿಸಿ ಮತ್ತೆ ಸಿಡಿಸಿದರು. ಆ ಚಿತ್ರ ಏಳು ಆಸ್ಕರ್ ಪಡೆಯಿತು. ಕಿತುಲ್‌ಗಲಕ್ಕೆ ಉಳಿದದ್ದು ನದಿಯ ದಡದಲ್ಲಿನ ಸೇತುವೆಯ ಬುನಾದಿ ಮತ್ತು ಅದನ್ನು ನೋಡಲು ಬರುವ ಪ್ರವಾಸಿಗರು.

ಭಾರತದಲ್ಲಿ ಸರ್ಕಾರ ನಡುವೆ ಬಂದು ನಿಂತದ್ದಕ್ಕೆ ಕಾರಣಗಳಿದ್ದವು. ಫ್ರಾನ್ಸಿನ ಲೂಯಿ ಮಾಲ್ 60ರ ದಶಕದ ಕೊನೆಯಲ್ಲಿ ಇಲ್ಲಿ ಸುತ್ತಾಡಿ ತೆಗೆದ ಸಾಕ್ಷ್ಯಚಿತ್ರ ಸರಣಿಯನ್ನು ಬಿಬಿಸಿ ಪ್ರಸಾರ ಮಾಡಿದಾಗ, ದೇಶದ ಬಡತನವನ್ನೇ ಎತ್ತಿ ತೋರಿಸಲಾಗಿದೆ ಎಂದು ದಿಲ್ಲಿ ಕೆರಳಿತು. 1970ರಲ್ಲಿ ಬಿಬಿಸಿಯ ದಿಲ್ಲಿ ಕಚೇರಿ ಬಾಗಿಲು ಹಾಕಬೇಕಾಯಿತು. ವಿದೇಶಿ ತಂಡ ಚಿತ್ರಕಥೆಯನ್ನು ಮೊದಲೇ ದಿಲ್ಲಿಗೆ ಕಳುಹಿಸಿ ಒಪ್ಪಿಗೆ ಪಡೆಯಬೇಕು, ಚಿತ್ರೀಕರಣದ ಜೊತೆಗೆ ಸರ್ಕಾರದ ಸಂಪರ್ಕಾಧಿಕಾರಿಯೊಬ್ಬ ಇರಬೇಕು ಎಂಬುದು ಆ ದಶಕಗಳ ರೂಢಿ. ಸ್ಥಳೀಯ ಸಂಯೋಜಕನಿಗೆ ಹೀಗೆ ಮೂರನೆಯ ದಡವೊಂದು ಸೇರಿತು. ತಂಡಕ್ಕೆ ಬೇಕಾದದ್ದು, ಊರಿಗೆ ಒಗ್ಗುವುದು, ಕಡತ ಒಪ್ಪುವುದು ಇವು ಮೂರೂ ಒಂದೇ ಆಗುವ ದಿನ ಅಪರೂಪ.

ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ‘ಗಾಂಧಿ’ ಸಾಕ್ಷಿ. ರಿಚರ್ಡ್ ಅಟೆನ್‌ಬರೊ ತೆಗೆದ ಆ ಚಿತ್ರದ ವೆಚ್ಚದಲ್ಲಿ ಸುಮಾರು ಮೂರನೆಯ ಒಂದು ಪಾಲು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಮೂಲಕ ಬಂತು. 1981ರ ಜನವರಿ 31, ಗಾಂಧೀಜಿಯ ಅಂತ್ಯಯಾತ್ರೆ ನಡೆದ ಅದೇ ತಾರೀಕು, ದಿಲ್ಲಿಯ ರಾಜಪಥದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಅವರಲ್ಲಿ ಕೂಲಿ ಪಡೆದವರು 94,560 ಮಂದಿ. ಉಳಿದವರು ತಾವಾಗಿಯೇ ಬಂದವರು. 11 ಕ್ಯಾಮೆರಾಗಳು ಆ ಬೆಳಗ್ಗೆ ಹಿಡಿದ 20,000 ಅಡಿ ಫಿಲ್ಮಿನಲ್ಲಿ ತೆರೆಗೆ ಬಂದದ್ದು ಎರಡು ನಿಮಿಷ ಚಿಲ್ಲರೆ. ಆದರೆ ಆ ಜನಸಾಗರವನ್ನು ಸಾಲಿನಲ್ಲಿ ನಿಲ್ಲಿಸಿ, ಬಟ್ಟೆ ನೋಡಿ, ಕೈಗಡಿಯಾರ ಬಿಚ್ಚಿಸುವುದು ಲಂಡನ್ನಿನಿಂದ ಬಂದ ಬೆರಳೆಣಿಕೆಯ ಜನರಿಂದ ಆಗುವ ಕೆಲಸವಲ್ಲ. ಎರಡನೆಯ ಘಟಕದ ನಿರ್ದೇಶನ ಗೋವಿಂದ ನಿಹಲಾನಿ ಅವರದು. ವಸ್ತ್ರ ವಿನ್ಯಾಸಕ್ಕಾಗಿ ಜಾನ್ ಮೊಲ್ಲೊ ಜೊತೆ ಭಾನು ಅಥೈಯಾ ಆಸ್ಕರ್ ಪಡೆದರು. ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರೇ. ಸ್ಥಳೀಯ ಕೆಲಸಗಾರರ ಹೆಸರು ಅಷ್ಟು ದೊಡ್ಡ ವೇದಿಕೆಯಲ್ಲಿ ಕೇಳಿಬರುವುದು ಅದೇ ಮೊದಲು.

ಇದಾದ ಮೇಲೆ, 1983ರ ಕೊನೆಯ ಹೊತ್ತಿಗೆ, ಕಿತುಲ್‌ಗಲದಲ್ಲಿ ಸೇತುವೆ ಸಿಡಿಸಿದ್ದ ಅದೇ ಡೇವಿಡ್ ಲೀನ್ ಬೆಂಗಳೂರಿಗೆ ಬಂದ. 1970ರ ‘ರಯಾನ್ಸ್ ಡಾಟರ್’ ನಂತರ ಅವನು ಚಿತ್ರ ಮಾಡಿರಲಿಲ್ಲ. ವಯಸ್ಸು 75. ಕೈಯಲ್ಲಿದ್ದುದು ಇ.ಎಂ. ಫಾರ್ಸ್ಟರ್ 1924ರಲ್ಲಿ ಬರೆದ ‘ಎ ಪ್ಯಾಸೇಜ್ ಟು ಇಂಡಿಯಾ’. ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲವಾದವು ಬಿಹಾರದ ಬರಾಬರ್ ಗುಹೆಗಳು, ಅಶೋಕನ ಕಾಲದವು. ಲೀನ್ ಕಣ್ಣಿಗೆ ಅವು ಸಪ್ಪೆಯಾಗಿ ಕಂಡವು. ಬೇಕಾದ ಗಾತ್ರ, ಬೇಕಾದ ಭಯ ಸಿಕ್ಕಿದ್ದು ಸಾವನದುರ್ಗದ ಬೃಹತ್ ಬಂಡೆಯಲ್ಲಿ ಮತ್ತು ರಾಮನಗರದ ರಾಮದೇವರ ಬೆಟ್ಟದಲ್ಲಿ. ಬೆಂಗಳೂರು ಅರಮನೆಯ ಆವರಣದಲ್ಲಿ ಚಂದ್ರಾಪುರದ ಬಜಾರು ಎದ್ದಿತು. ಗುಹೆಗಳತ್ತ ಹೊರಟ ರೈಲಾಗಿ ನೀಲಗಿರಿಯ ಪುಟ್ಟ ರೈಲು ಓಡಿತು. ಬೆಂಗಳೂರು ರಂಗಭೂಮಿಯ ಅಶೋಕ್ ಮಂದಣ್ಣ ಅವರಿಗೂ ಒಂದು ಸಣ್ಣ ಪಾತ್ರವಿತ್ತು.

ಇಲ್ಲೊಂದು ಹಳೆಯ ಋಣಾನುಬಂಧವುಂಟು. ಈ ಚಿತ್ರದ ಕಲಾ ನಿರ್ದೇಶಕರ ಪಟ್ಟಿಯಲ್ಲಿ ರಾಮ್ ಯೆಡೇಕರ್ ಎಂಬ ಹೆಸರಿದೆ. ‘ಗಾಂಧಿ’ಯ ಪಟ್ಟಿಯಲ್ಲೂ ಅದೇ ಹೆಸರು. ಹತ್ತು ವರ್ಷದ ಹಿಂದೆ ‘ಶೋಲೆ’ಗಾಗಿ ಜಾಗ ಹುಡುಕುತ್ತ ರಾಮನಗರದ ಬಂಡೆಗಳಿಗೆ ಬಂದು ತಲುಪಿ, ಅಲ್ಲಿ ರಾಮಗಢ ಎಂಬ ಹಳ್ಳಿಯನ್ನೇ ಕಟ್ಟಿದವರು ಇದೇ ಯೆಡೇಕರ್. ಗಬ್ಬರ್‌ಸಿಂಗನಿಗೆ ಮನೆಯಾದ ಬಂಡೆಗಳು ಮರಳಿ ಇಂಗ್ಲಿಷರ ಕಾಲದ ಬಿಹಾರವಾದವು.

ಹಾಗೆಂದು ಎಲ್ಲವೂ ನಿರಾಳವಾಗಿರಲಿಲ್ಲ. ಸಾವನದುರ್ಗದಲ್ಲಿ ಲೀನ್ ಬಯಸಿದಂಥ ಗುಹೆಗಳಿರಲಿಲ್ಲ. ಇಲ್ಲದ ಗುಹೆಗೆ ಬಾಯಿ ಬೇಕಲ್ಲವೆ? ಬಂಡೆಯನ್ನೇ ಕೊರೆಯಲಾಯಿತು. ಒಳಗಿನ ದೃಶ್ಯಗಳನ್ನು ತೆಗೆದದ್ದು ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೊದಲ್ಲಿ. ಚಿತ್ರ 1984ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಹನ್ನೊಂದು ಆಸ್ಕರ್ ನಾಮಕರಣ ಪಡೆದು, ಪೆಗ್ಗಿ ಆಶ್‌ಕ್ರಾಫ್ಟ್ ಅಭಿನಯಕ್ಕೂ ಮಾರಿಸ್ ಜಾರ್ ಸಂಗೀತಕ್ಕೂ ಪ್ರಶಸ್ತಿ ಗಳಿಸಿತು. ಕೊರೆದ ಕಲ್ಲು ಮಾತ್ರ ಮತ್ತೆ ಕೂಡಿಕೊಳ್ಳುವುದಿಲ್ಲ. ಗೋಡೆಗೆ ಬಣ್ಣ ಬಳಿದರೆ ಸುಣ್ಣ ಹೊಡೆಯಬಹುದು, ಕಟ್ಟಿದ ಬಜಾರನ್ನು ಕಳಚಬಹುದು. ಬೆಟ್ಟಕ್ಕೆ ಆ ಸೌಲಭ್ಯವಿಲ್ಲ. ನಿರ್ದೇಶಕ ಕೇಳಿದ್ದಕ್ಕೆಲ್ಲ ‘ಆಗುತ್ತದೆ ಸಾರ್’ ಎನ್ನುವುದೇ ಸ್ಥಳೀಯ ಸಂಯೋಜಕನ ಜಾಣ್ಮೆ ಎಂದು ತಿಳಿದವರಿದ್ದಾರೆ. ಆಗುವುದಿಲ್ಲ ಎಂದು ಹೇಳಬಲ್ಲವನೂ ಅವನೊಬ್ಬನೇ, ಏಕೆಂದರೆ ತಂಡದ ಮಿಕ್ಕವರಿಗೆ ಆ ಬೆಟ್ಟ ಕೆಲವು ತಿಂಗಳ ಪರಿಚಯದ್ದು.

‘ಆಗುವುದಿಲ್ಲ’ ಎಂಬ ಮಾತನ್ನು ದಿಲ್ಲಿ ಅದೇ ಸುಮಾರಿಗೆ ಬೇರೊಂದು ತಂಡಕ್ಕೆ ಹೇಳಿತ್ತು. ಸ್ಟೀವನ್ ಸ್ಪಿಲ್‌ಬರ್ಗ್‌ನ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ ಉತ್ತರ ಭಾರತದಲ್ಲೂ ಅಂಬೇರ್ ಕೋಟೆಯಲ್ಲೂ ತಯಾರಾಗಬೇಕಿತ್ತು. ನರಬಲಿ, ಮಂಗನ ಮಿದುಳಿನ ಊಟ ಇವೆಲ್ಲ ಇದ್ದ ಚಿತ್ರಕಥೆಯನ್ನು ಅಧಿಕಾರಿಗಳು ಒಪ್ಪಲಿಲ್ಲ, ಬದಲಾವಣೆ ಕೇಳಿದರು. ತಂಡ 1983ರಲ್ಲಿ ಶ್ರೀಲಂಕಾದ ಕ್ಯಾಂಡಿಗೆ ಹೊರಟುಹೋಯಿತು. ಅಲ್ಲಿ ಕೈ ಹಿಡಿದವರು ಚಂದ್ರನ್ ರತ್ನಂ. ವಿದೇಶಿ ತಂಡಗಳಿಗೆ ನೆರವಾಗುವುದನ್ನೇ ವೃತ್ತಿ ಮಾಡಿಕೊಂಡು, ಮುಂದೆ ತಾವೇ ನಿರ್ದೇಶಕರೂ ಆದವರು. ಚಿತ್ರದ ಹೆಸರಾಂತ ತೂಗುಸೇತುವೆಯನ್ನು ಬಿಗಿದದ್ದು ಹತ್ತಿರದ ವಿಕ್ಟೋರಿಯಾ ಅಣೆಕಟ್ಟಿನ ಕೆಲಸದಲ್ಲಿದ್ದ ಎಂಜಿನಿಯರುಗಳು. ಊರಿನಲ್ಲಿ ಯಾರು ಯಾವ ಕೆಲಸದಲ್ಲಿದ್ದಾರೆ ಎಂದು ಬಲ್ಲವರಿದ್ದರೆ ಇಂಥ ಅನುಕೂಲಗಳು ಸಿಗುತ್ತವೆ. ಹಳ್ಳಿಯ ಹಿರಿಯನ ಪಾತ್ರ ಮಾಡಿದ ಸಿಂಹಳ ನಟ ಡಿ.ಆರ್. ನಾಣಯಕ್ಕಾರ ಅವರಿಗೆ ಇಂಗ್ಲಿಷ್ ಬಾರದು. ಮಾತುಗಳನ್ನು ಮರೆಯಿಂದ ಒಂದೊಂದಾಗಿ ಹೇಳಿಕೊಟ್ಟು ಮಾಡಿಸಲಾಯಿತು.

ಕಲ್ಕತ್ತದಲ್ಲಿ 1991ರಲ್ಲಿ ಕಡತಗಳೆಲ್ಲ ಸರಿಯಿದ್ದವು, ಊರು ಒಪ್ಪಲಿಲ್ಲ. ರೋಲಾಂಡ್ ಜೋಫೆಯ ‘ಸಿಟಿ ಆಫ್ ಜಾಯ್’ ತಮ್ಮ ನಗರವನ್ನು ಕೊಳೆಗೇರಿಯಾಗಿ ಮಾತ್ರ ತೋರಿಸುತ್ತದೆಂದು ಪ್ರತಿಭಟನೆ ಎದ್ದಿತು. ಮೊಕದ್ದಮೆ ನಡೆಯಿತು, ಚಿತ್ರೀಕರಣದ ಜಾಗಕ್ಕೆ ನಾಡಬಾಂಬುಗಳೂ ಬಿದ್ದವು. ವಾರಾಣಸಿಯಲ್ಲಿ 2000ದ ಆರಂಭದಲ್ಲಿ ದೀಪಾ ಮೆಹ್ತಾ ಅವರ ‘ವಾಟರ್’ ಚಿತ್ರದ ಸೆಟ್ಟನ್ನೇ ಧ್ವಂಸ ಮಾಡಿ ಗಂಗೆಗೆ ಎಸೆಯಲಾಯಿತು. ಆ ಚಿತ್ರವೂ ಕೊನೆಗೆ ಶ್ರೀಲಂಕಾದಲ್ಲಿ, ಬೇರೆ ಹೆಸರಿನ ಮರೆಯಲ್ಲಿ, ಬೇರೆ ಕಲಾವಿದರೊಂದಿಗೆ ತಯಾರಾಗಿ 2005ರಲ್ಲಿ ಹೊರಬಂತು. ಕ್ವಾಯ್ ನದಿಯಾಗಿದ್ದ, ಉತ್ತರ ಭಾರತದ ಹಳ್ಳಿಯಾಗಿದ್ದ ದ್ವೀಪ ಈ ಸಲ ಕಾಶಿಯ ಘಾಟ್ ಆಯಿತು. ಇಂಥ ಹೊತ್ತಿನಲ್ಲಿ ತಂಡದ ಪರ ನಿಂತ ಸ್ಥಳೀಯನ ಪಾಡು ಹೇಳತೀರದು. ಹೊರಗಿನವರಿಗೆ ಅವನು ಊರಿನವನು, ಊರಿನವರಿಗೆ ಅವನು ಹೊರಗಿನವರ ಮನುಷ್ಯ.

ಈ ಕೆಲಸ ಪೂರ್ಣ ಪ್ರಮಾಣದ ಉದ್ಯಮವಾಗಿ ಬೆಳೆದದ್ದು ಆ ಬಳಿಕವೇ. ಈಗ ವಿದೇಶಿ ನಿರ್ಮಾಪಕ ಮೊದಲು ಚಿತ್ರಕಥೆ ಕಳುಹಿಸುತ್ತಾನೆ. ಇಲ್ಲಿನ ಕಂಪೆನಿ ಅದನ್ನು ದೃಶ್ಯ ದೃಶ್ಯವಾಗಿ ಬಿಡಿಸಿ, ಎಷ್ಟು ದಿನ, ಎಷ್ಟು ಜನ, ಎಷ್ಟು ಜನರೇಟರು ಎಂದು ಅಂದಾಜುಪಟ್ಟಿ ಮಾಡುತ್ತದೆ. ಹಳೆಯ ಸ್ಮಾರಕವಾದರೆ ಪುರಾತತ್ವ ಇಲಾಖೆ, ಹಳಿಯ ಮೇಲಾದರೆ ರೈಲ್ವೆ, ಮರಗಳ ನಡುವೆಯಾದರೆ ಅರಣ್ಯ ಇಲಾಖೆ, ಬೀದಿಯಾದರೆ ಪೊಲೀಸರು. ಕ್ಯಾಮೆರಾ, ಲೆನ್ಸುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಕಸ್ಟಮ್ಸ್‌ಗೆ ತೋರಿಸಬೇಕು. ಒಳಗೆ ಬಂದದ್ದಷ್ಟೂ ಹೊರಗೆ ಹೋಗಲೇಬೇಕು. ಇವೆಲ್ಲ ಆದ ಮೇಲೆ ಆ ಬೀದಿಯಲ್ಲಿ ಅದೇ ದಿನ ಜಾತ್ರೆಯ ತೇರು ಎಳೆಯುತ್ತಾರೆಂಬುದು ಯಾವ ಕಡತದಲ್ಲೂ ಇರುವುದಿಲ್ಲ. ಅದನ್ನು ಬಲ್ಲವನಿಗೇ ಸಂಬಳ.

ಹೆಸರಿನ ಪ್ರಶ್ನೆ ಮಾತ್ರ ತೀರಿಲ್ಲ. 2008ರ ‘ಸ್ಲಂಡಾಗ್ ಮಿಲಿಯನೇರ್’ ಎಂಟು ಆಸ್ಕರ್ ಗೆದ್ದಿತು. ಪಾತ್ರಧಾರಿಗಳ ಆಯ್ಕೆಗೆಂದು ಸೇರಿದ ಲವ್‌ಲೀನ್ ಟಂಡನ್, ಕೊಳೆಗೇರಿಯ ಪುಟ್ಟ ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡಿದರೆ ಒಪ್ಪುವುದಿಲ್ಲ, ಹಿಂದಿಯಲ್ಲೇ ಆಡಲಿ ಎಂದು ಸೂಚಿಸಿದರು. ಚಿತ್ರದ ಸುಮಾರು ಮೂರನೆಯ ಒಂದು ಭಾಗ ಹಿಂದಿಯಲ್ಲಿ ಬಂತು. ಅವರಿಗೆ ‘ಸಹ ನಿರ್ದೇಶಕಿ, ಭಾರತ’ ಎಂಬ ಹೆಸರು ಸಿಕ್ಕಿತು. ನಿರ್ದೇಶನದ ನಾಮಕರಣಗಳಲ್ಲಿ ಡ್ಯಾನಿ ಬಾಯ್ಲ್ ಒಬ್ಬನೇ ಕಂಡಾಗ ಅಮೆರಿಕದಲ್ಲಿ ಕೆಲವರು ಅವರ ಪರವಾಗಿ ದನಿಯೆತ್ತಿದರು. ಹಾಗೆ ಮಾಡಬೇಡಿ ಎಂದು ಟಂಡನ್ ಅವರೇ ಕೇಳಿಕೊಂಡರು. ಮಕ್ಕಳ ಬಾಯಲ್ಲಿ ಯಾವ ಭಾಷೆ ಸಹಜ ಎಂಬುದು ಸಂಯೋಜನೆಯೋ ನಿರ್ದೇಶನವೋ ಎಂದು ಹೇಳುವುದು ಕಷ್ಟವೇ.

ಕನ್ನಡದವರೂ ಎದುರು ದಡದಲ್ಲಿ ನಿಂತದ್ದುಂಟು. 1978ರಲ್ಲಿ ದ್ವಾರಕೀಶ್, ವಿಷ್ಣುವರ್ಧನ್ ಜೋಡಿ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ಕ್ಕಾಗಿ ಕಡಲು ದಾಟಿತು. ಪರದೇಶದಲ್ಲಿ ಚಿತ್ರಿತವಾದ ಮೊದಲ ಕನ್ನಡ ಚಿತ್ರವೆಂದು ಅದರ ಹೆಸರು. ಆಗ ಇಲ್ಲಿಯವರೇ ಅಲ್ಲಿ ಜಾಗ ಕೇಳುವವರು, ದಾರಿ ಕೇಳುವವರು. ಹಿಂದಿ ಚಿತ್ರಗಳಿಂದ ಪ್ರವಾಸಿಗರ ದಂಡು ಕಂಡ ಸ್ವಿಟ್ಜರ್ಲೆಂಡಿನ ಇಂಟರ್‌ಲೇಕನ್ ಪಟ್ಟಣ 2016ರಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿತು. ಇಂಥ ಲಾಭ ನೋಡಿಯೇ ಭಾರತವೂ ದಾರಿ ಬದಲಿಸಿತು. ಚಿತ್ರಕಥೆಯನ್ನು ಅನುಮಾನದಿಂದ ಓದುತ್ತಿದ್ದ ದಿಲ್ಲಿ 2015ರಲ್ಲಿ ವಿದೇಶಿ ತಂಡಗಳ ನೆರವಿಗೆಂದೇ ಫಿಲ್ಮ್ ಫೆಸಿಲಿಟೇಶನ್ ಆಫೀಸ್ ತೆರೆಯಿತು. ಇಲ್ಲಿ ಮಾಡುವ ಖರ್ಚಿನ ಒಂದು ಭಾಗ ಮರಳಿಸುವ ಯೋಜನೆಯನ್ನು 2022ರಲ್ಲಿ ಸಾರಿ, 2023ರಲ್ಲಿ ಅದರ ಮಿತಿಯನ್ನು 30 ಕೋಟಿ ರೂಪಾಯಿಗೆ ಏರಿಸಿತು.

ಮೈಸೂರಿನ ಹುಡುಗ ಸಾಬು ‘ಎಲಿಫೆಂಟ್ ಬಾಯ್’ಗಾಗಿ ಅಣ್ಣನೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದವನು ಅಲ್ಲಿಂದ ಹಾಲಿವುಡ್ಡಿಗೆ ಹೋದ, 1944ರಲ್ಲಿ ಅಮೆರಿಕದ ಪ್ರಜೆಯಾದ, ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕುಳಿತು ಬಂದೂಕು ಹಿಡಿದ, 1963ರಲ್ಲಿ 39ರ ವಯಸ್ಸಿಗೇ ತೀರಿಕೊಂಡ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಫ್ಲಹರ್ಟಿ ತಂಗಿದ್ದ ಚಿತ್ತರಂಜನ ಮಹಲು ಮುಂದೆ ಪ್ರೀಮಿಯರ್ ಸ್ಟುಡಿಯೊಕ್ಕೆ ಸೇರಿ, ಆಮೇಲೆ ಹೋಟೆಲಾಯಿತು. ಅಂದು ಆನೆಗಳನ್ನು ಸಾಲಾಗಿ ನಿಲ್ಲಿಸಿಕೊಟ್ಟ ಮಾವುತರಲ್ಲಿ ಹೆಚ್ಚಿನವರ ಹೆಸರು ತೆರೆಯ ಮೇಲೆ ಬರಲಿಲ್ಲ. ಆನೆ ಐರಾವತನ ಹೆಸರು ಬಂತು.